ಹಿರಿಯರಿರುವ ಮನೆಗೆ ಬಿಪಿ ಮಷೀನು: ನಮ್ಮ ಅನುಭವ, ತಕರಾರು, ಶಿಫಾರಸು

ಮನೆಯಲ್ಲಿ ಅರವತ್ತು ದಾಟಿದವರು ಇದ್ದಾರಾ? ಬಿಪಿ, ಶುಗರ್ ಮಾತ್ರೆ ನುಂಗುವವರು ಇದ್ದಾರಾ? ಹಾಗಾದರೆ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷೀನು ಒಂದು ತಗೊಳ್ಳಿ. ನಾವು 2021ರಲ್ಲಿ, ಕೊರೊನಾ ಎರಡನೇ ಅಲೆ ಇಳಿದ ಮೇಲೆ ತಗೊಂಡೆವು. ಈಗಲೂ ಚೆನ್ನಾಗಿ ಕೆಲಸ ಮಾಡುತ್ತಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಬರೆದಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ. ಎರಡು ಸಾವಿರದ ಆಸುಪಾಸಿನಲ್ಲಿ ಸಿಗುವ ಮಷೀನುಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ನನ್ನ ಮಾತು ಅವಕ್ಕೆಲ್ಲ ಅನ್ವಯಿಸುತ್ತದೆ.

ನಾನು ದಾವಣಗೆರೆಯ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಮನೆ ನಿಟುವಳ್ಳಿ. ಮಾವನಿಗೆ ಈಗ ಎಪ್ಪತ್ತೆಂಟು, ಅತ್ತೆಗೆ ಎಪ್ಪತ್ತೊಂದು. ಮಾವ ಕಾಟನ್ ಮಿಲ್ಲಿನಲ್ಲಿ ದುಡಿದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು. ಅವರ ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯಿತು. ಹತ್ತಿ ಧೂಳು ಕುಡಿದ ಎದೆ ಮಾತ್ರ ಹಾಗೇ ಇದೆ. ಥಂಡಿ ಶುರುವಾದರೆ ಕೆಮ್ಮು, ಮೆಟ್ಟಿಲು ಹತ್ತಿದರೆ ದಮ್ಮು. ಜೊತೆಗೆ ಬಿಪಿ. ಅತ್ತೆಗೆ ಬಿಪಿ, ಶುಗರ್ ಎರಡೂ ಇವೆ.

"ಕೊರೊನಾ ಇಳೀತಲ್ಲ, ಈಗ್ಯಾಕೆ ಮಷೀನು?" ಅಂತ ನಮ್ಮ ಮನೆಯವರು ಕೇಳಿದರು. ಕೇಳಿದ್ದು ಸಹಜ. ಕೊರೊನಾಕ್ಕೆ ಅಂತ ಊರವರೆಲ್ಲ ಕೊಂಡಿದ್ದು ಆಕ್ಸಿಮೀಟರ್, ಹಬೆ ತಗೊಳ್ಳೋ ಮಷೀನು, ಸ್ಯಾನಿಟೈಸರ್. ಬಿಪಿಗೂ ಕೊರೊನಾಕ್ಕೂ ಏನು ಸಂಬಂಧ ಅಂತ ಅನಿಸುತ್ತೆ ಅಲ್ವಾ? ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಚೀನಾದ ರೋಗ ನಿಯಂತ್ರಣ ಕೇಂದ್ರ 2020ರ ಫೆಬ್ರವರಿಯಲ್ಲೇ 44,672 ಸೋಂಕಿತರ ಲೆಕ್ಕ ಹೊರಗಿಟ್ಟಿತ್ತು. ಒಟ್ಟಾರೆ ನೂರಕ್ಕೆ 2.3 ಜನ ತೀರಿಕೊಂಡಿದ್ದರು. ಬೇರೆ ಯಾವ ಕಾಯಿಲೆಯೂ ಇಲ್ಲದವರಲ್ಲಿ ಅದು ಬರೀ 0.9. ಬಿಪಿ ಇದ್ದವರಲ್ಲಿ 6, ಶ್ವಾಸಕೋಶದ ಹಳೇ ಕಾಯಿಲೆ ಇದ್ದವರಲ್ಲಿ 6.3, ಶುಗರ್ ಇದ್ದವರಲ್ಲಿ 7.3, ಹೃದಯದ ತೊಂದರೆ ಇದ್ದವರಲ್ಲಿ 10.5. ಎಂಬತ್ತು ದಾಟಿದವರನ್ನಷ್ಟೇ ನೋಡಿದರೆ 14.8. ಇದು ಆಗ ಟೆಸ್ಟಿನಲ್ಲಿ ಸಿಕ್ಕವರ ಲೆಕ್ಕ. ಸುಮ್ನೆ ಮನೆಯಲ್ಲೇ ವಾಸಿಯಾದವರನ್ನೂ ಸೇರಿಸಿದರೆ ಎಲ್ಲ ಅಂಕಿಗಳೂ ಇಳಿಯುತ್ತವೆ. ಇನ್ನೊಂದು ಮಾತು. ಬಿಪಿ ಇರುವವರಲ್ಲಿ ವಯಸ್ಸಾದವರೇ ಜಾಸ್ತಿ, ಹಾಗಾಗಿ ಆ ಆರರಲ್ಲಿ ವಯಸ್ಸಿನ ಪಾಲೂ ಸೇರಿದೆ. ಇಷ್ಟೆಲ್ಲ ಕಳೆದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ವೈರಸ್ ಒಂದೇ. ಅದು ಹೊಕ್ಕ ದೇಹಗಳು ಬೇರೆ.

ದೇಶದ ಮೊದಲ ಕೊರೊನಾ ಸಾವು ನಮ್ಮ ರಾಜ್ಯದಲ್ಲೇ ಆಯಿತು. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ಆ ಹಿರಿಯರಿಗೆ 76 ವರ್ಷ. ಬಿಪಿ ಇತ್ತು, ಆಸ್ತಮಾ ಇತ್ತು. ಟಿವಿಯಲ್ಲಿ ಇದನ್ನು ಕೇಳಿದ ಮಾವ "ಹೆಚ್ಚು ಕಡಿಮೆ ನನ್ನ ವಾರಿಗೆಯವರೇ" ಅಂದರು. ಆಮೇಲೆ ತಿಂಗಳುಗಟ್ಟಲೆ ಗೇಟು ದಾಟಲಿಲ್ಲ.

ವಯಸ್ಸಾದವರಿಗೆ, ಹಳೇ ಕಾಯಿಲೆ ಇದ್ದವರಿಗೆ ಯಾಕೆ ಇಷ್ಟು ಹೊಡೆತ? ನನಗೆ ತಿಳಿಯುವ ಹಾಗೆ ಹೇಳುವುದಾದರೆ, ಪ್ರಾಯದ ದೇಹದಲ್ಲಿ ಒಂದು ಇಡುಗಂಟು ಇರುತ್ತದೆ. ಜ್ವರ ಬಂದಾಗ ಹೃದಯ ಜೋರಾಗಿ ಬಡಿಯಬಲ್ಲದು, ಶ್ವಾಸಕೋಶದ ಒಂದು ಭಾಗ ಕೆಟ್ಟರೂ ಉಳಿದದ್ದು ನಿಭಾಯಿಸಬಲ್ಲದು. ವರ್ಷಗಟ್ಟಲೆ ಬಿಪಿ, ಶುಗರ್ ಜಾಸ್ತಿ ಇದ್ದವರಲ್ಲಿ ಆ ಗಂಟು ಆಗಲೇ ಕರಗಿರುತ್ತದೆ. ರಕ್ತನಾಳ ಗಡುಸಾಗಿರುತ್ತದೆ, ಕಿಡ್ನಿ ಸೋತಿರುತ್ತದೆ. ವಯಸ್ಸಾದಂತೆ ರೋಗ ನಿರೋಧಕ ಶಕ್ತಿಯೂ ನಿಧಾನ. ಹೊಸ ವೈರಸ್ಸನ್ನು ಗುರುತು ಹಿಡಿಯುವ ಕಣಗಳು ಕಡಿಮೆಯಾಗಿರುತ್ತವೆ. ಶ್ರೀಮಂತ ದೇಶಗಳ ಅಂಕಿಗಳನ್ನು ಕೂಡಿಸಿ 2020ರಲ್ಲಿ ಮಾಡಿದ ಒಂದು ಅಂದಾಜು ನನ್ನ ಮನಸ್ಸಿನಲ್ಲಿ ಉಳಿದಿದೆ. ಲಸಿಕೆ ಬರುವ ಮುಂಚೆ, ಸೋಂಕು ತಗುಲಿದವರಲ್ಲಿ ಸಾಯುವವರು 55ರ ವಯಸ್ಸಿಗೆ ನೂರಕ್ಕೆ 0.4, 65ಕ್ಕೆ 1.4, 75ಕ್ಕೆ 4.6, 85ಕ್ಕೆ 15. ಹತ್ತು ಹತ್ತು ವರ್ಷಕ್ಕೆ ಮೂರು ಪಟ್ಟಿಗೂ ಜಾಸ್ತಿ. ಆಗ ಇಟಲಿಯಲ್ಲಿ ನೂರಕ್ಕೆ 23 ಜನ 65 ದಾಟಿದವರು ಇದ್ದರು. ಮೊದಲ ಅಲೆಯಲ್ಲಿ ಅಲ್ಲಿ ಯಾಕೆ ಅಷ್ಟು ಸಾವಾಯಿತು ಅಂತ ಇದರಿಂದಲೇ ಅರ್ಧ ತಿಳಿಯುತ್ತದೆ.

ನಮ್ಮದು ಪ್ರಾಯದವರ ದೇಶ, ನಮಗೇನಾಗಲ್ಲ ಅಂತ ಆಗ ತುಂಬಾ ಜನ ಹೇಳಿದರು. 2011ರ ಜನಗಣತಿಯಲ್ಲಿ 60 ದಾಟಿದವರು ನೂರಕ್ಕೆ 8.6 ಇದ್ದದ್ದು ನಿಜ. ಆದರೆ ನಮ್ಮಲ್ಲಿ ಶುಗರ್, ಬಿಪಿ ಬರೋಕೆ ಮುದುಕರಾಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ, ದೊಡ್ಡವರಲ್ಲಿ ನೂರಕ್ಕೆ 35ರಷ್ಟು ಜನಕ್ಕೆ ಬಿಪಿ ಇದೆ. ನೂರರಲ್ಲಿ ಮೂವತ್ತೈದು! ಒಂದು ಮದುವೆ ಊಟದ ಪಂಕ್ತಿಯನ್ನು ಈ ಕಣ್ಣಿನಿಂದ ನೋಡಿ.

ಈಗ ಮಷೀನಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದದ್ದು ಹೆದರಿಸೋಕಲ್ಲ. ಬಿಪಿ ಹತೋಟಿಯಲ್ಲಿದ್ದರೆ ವೈರಸ್ ಹತ್ತಿರ ಬರಲ್ಲ ಅಂತಲೂ ನಾನು ಹೇಳುತ್ತಿಲ್ಲ. ನಾನು ಹೇಳೋದು ಇಷ್ಟು. ದೊಡ್ಡ ರೋಗ ಊರಿಗೆ ಬಂದಾಗ, ಯಾರಿಗೆ ಅಪಾಯ ಜಾಸ್ತಿಯೋ ಅವರಿಗೇ ಡಾಕ್ಟರ ಹತ್ತಿರ ಹೋಗುವ ದಾರಿ ಮೊದಲು ಮುಚ್ಚುತ್ತದೆ. ಹೋದರೆ ಸೋಂಕಿನ ಭಯ. ಹೋಗದಿದ್ದರೆ ಬಿಪಿ, ಶುಗರ್ ಎಲ್ಲಿಗೆ ಮುಟ್ಟಿದೆ ಅಂತ ಗೊತ್ತಾಗಲ್ಲ.

ನಮ್ಮೂರಲ್ಲೇ ನೋಡಿದೆವಲ್ಲ. 2020ರ ಏಪ್ರಿಲ್ ಕೊನೆಗೆ ಬಾಷಾನಗರ, ಜಾಲಿನಗರದ ಕಡೆ ಕೇಸು ಬಂದು ಆ ಬೀದಿಗಳನ್ನು ಸೀಲ್ ಮಾಡಿದರು. ಆಸ್ಪತ್ರೆ ಅಂದರೆ ಕೊರೊನಾ ಅನ್ನುವ ಹಾಗಾಯಿತು. ತಿಂಗಳಿಗೊಮ್ಮೆ ತಪ್ಪದೆ ಬಿಪಿ ತೋರಿಸಿ ಬರುತ್ತಿದ್ದ ಮಾವ ನಿಲ್ಲಿಸಿಬಿಟ್ಟರು. ನಮ್ಮ ಮನೆಯವರೇ ಹೋಗಿ ಹಳೇ ಚೀಟಿ ತೋರಿಸಿ ಅದೇ ಮಾತ್ರೆ ತರುತ್ತಿದ್ದರು. ಇದು ನಮ್ಮ ಮನೆ ಕತೆ ಮಾತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ 155 ದೇಶಗಳನ್ನು ವಿಚಾರಿಸಿತ್ತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ದೇಶಗಳಲ್ಲಿ ಬಿಪಿ ಚಿಕಿತ್ಸೆ ಪೂರ್ತಿಯೋ ಅರೆಬರೆಯೋ ನಿಂತುಹೋಗಿತ್ತು. ಶುಗರಿನದ್ದೂ ಹತ್ತಿರ ಹತ್ತಿರ ಅಷ್ಟೇ. ಕೊರೊನಾದ ಸಾವಿನ ಲೆಕ್ಕ ಕೊಡುವಾಗ ಹೀಗೆ ಮನೆಯಲ್ಲೇ ಕೂತು ಸ್ಟ್ರೋಕ್ ಆದವರು, ಕಿಡ್ನಿ ಕೆಟ್ಟವರು ಪಟ್ಟಿಯಲ್ಲಿ ಬರುವುದಿಲ್ಲ.

ಸಾಲದ್ದಕ್ಕೆ ವಾಟ್ಸಾಪ್ ಸುದ್ದಿ ಬೇರೆ. ಬಿಪಿಯ ಕೆಲವು ಮಾತ್ರೆ ತಗೊಂಡರೆ ಕೊರೊನಾ ಬೇಗ ಅಂಟುತ್ತದೆ ಅಂತ ಹಬ್ಬಿತ್ತು. ಮಾವ ನುಂಗುವ ಟೆಲ್ಮಿಸಾರ್ಟನ್ ಕೂಡ ಆ ಗುಂಪಿನದೇ. ವೈರಸ್ ದೇಹದೊಳಗೆ ಹೋಗಲು ಹಿಡಿಯುವ ಪ್ರೋಟೀನಿಗೂ ಈ ಮಾತ್ರೆಗಳಿಗೂ ನಂಟಿದೆ ಅನ್ನುವುದು ಆ ಮಾತಿನ ಬುಡ. ಹೃದ್ರೋಗ ತಜ್ಞರ ಸಂಘಗಳು 2020ರ ಮಾರ್ಚಿನಲ್ಲೇ ಮಾತ್ರೆ ನಿಲ್ಲಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿದವು. ಆಮೇಲೆ ನಡೆದ ಅಧ್ಯಯನಗಳಲ್ಲೂ ಅಂಥ ಅಪಾಯ ಕಾಣಲಿಲ್ಲ. ಆದರೆ ವಾಟ್ಸಾಪಿನಷ್ಟು ಬೇಗ ಆ ಮಾತು ಮನೆ ಮನೆಗೆ ಬರಲಿಲ್ಲ. ನಮ್ಮ ಬೀದಿಯಲ್ಲೇ ಮಾತ್ರೆ ಬಿಟ್ಟ ಅಜ್ಜಂದಿರು ಇದ್ದರು.

ಫೋನಿನಲ್ಲಿ ಡಾಕ್ಟರನ್ನು ಕೇಳುವ ಅವಕಾಶ ಇತ್ತು. ಟೆಲಿಮೆಡಿಸಿನ್ ನಿಯಮ 2020ರ ಮಾರ್ಚ್ 25ಕ್ಕೇ ಬಂತು, ಸರ್ಕಾರದ ಇ-ಸಂಜೀವಿನಿ ಓಪಿಡಿ ಏಪ್ರಿಲಿನಲ್ಲಿ ಶುರುವಾಯಿತು. ನಾವೂ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆವು. ಅವರ ಮೊದಲ ಪ್ರಶ್ನೆಯೇ "ಬಿಪಿ ಎಷ್ಟಿದೆಯಮ್ಮ?" ಮನೆಯಲ್ಲಿ ಮಷೀನಿಲ್ಲದೆ ಅದಕ್ಕೇನು ಉತ್ತರ ಕೊಡೋದು? ಆ ಪ್ರಶ್ನೆಗೆ ಉತ್ತರ ಕೊಡುವ ವಸ್ತು ಇದು. ನಾನು ದುಡ್ಡು ಕೊಟ್ಟದ್ದು ಅದಕ್ಕೆ.

ಕೊಂಡದ್ದು ಆಸ್ಪತ್ರೆ ಎದುರಿನ ಒಂದು ಸರ್ಜಿಕಲ್ ಅಂಗಡಿಯಲ್ಲಿ. ಆನ್‌ಲೈನಿನಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಆದರೆ ಮಾವನನ್ನೇ ಕರೆದುಕೊಂಡು ಹೋಗಿ ತೋಳಿಗೆ ಕಟ್ಟಿ ನೋಡಬೇಕಿತ್ತು. ಅದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ತೋಳಿಗೆ ಸುತ್ತುವ ಪಟ್ಟಿಗೆ ಅಳತೆ ಇರುತ್ತದೆ. ಸಾಮಾನ್ಯವಾಗಿ ಜೊತೆಗೆ ಬರುವುದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಆಗುವಂಥದ್ದು. ಮಾವ ಸಣಕಲು, ಅವರಿಗೆ ಸರಿಹೋಯಿತು. ಅತ್ತೆಯ ತೋಳು ಅದಕ್ಕಿಂತ ದಪ್ಪ. ಅವರಿಗೆ ಅದೇ ಪಟ್ಟಿ ಬಿಗಿದು ನೋಡಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಲ್ಲದ ಬಿಪಿಗೆ ಮಾತ್ರೆ ಏರಿಸಿದರೆ ಏನು ಗತಿ? ಹಾಗಾಗಿ ದೊಡ್ಡ ಪಟ್ಟಿ ಬೇರೆ ತಗೊಂಡೆವು. ಟೇಲರ್ ಟೇಪಿನಲ್ಲಿ ಮನೆಯಲ್ಲೇ ತೋಳಿನ ಅಳತೆ ನೋಡಿಕೊಂಡು ಹೋಗಿ. ಭುಜ ಮತ್ತು ಮೊಣಕೈ ನಡುವೆ, ಸರಿಯಾಗಿ ಮಧ್ಯಕ್ಕೆ. ಮಣಿಕಟ್ಟಿಗೆ ಕಟ್ಟುವ ಮಷೀನು ನೋಡೋಕೆ ಮುದ್ದಾಗಿದೆ, ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅಂಕಿ ಬದಲಾಗುತ್ತದೆ. ವಯಸ್ಸಾದವರಿಗೆ ಬೇಡ.

ನೋಡುವ ರೀತಿ ಸರಿ ಇಲ್ಲದಿದ್ದರೆ ಎಂಥ ಮಷೀನೂ ಸುಳ್ಳು ಹೇಳುತ್ತದೆ. ನಮ್ಮ ಮನೆಯಲ್ಲಿ ಈಗ ಇದೊಂದು ಪದ್ಧತಿ ಆಗಿಬಿಟ್ಟಿದೆ. ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮುಂಚೆ, ಮಾತ್ರೆ ನುಂಗುವ ಮುಂಚೆ. ಮಾವ ಗೋಡೆ ಪಕ್ಕದ ಮರದ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರುತ್ತಾರೆ. ಪಾದ ಎರಡೂ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ. ಐದು ನಿಮಿಷ ಸುಮ್ನೆ. ಅಂಗಿ ತೋಳು ಮಡಿಚಿ ಬಿಗಿ ಮಾಡಬಾರದು, ಕಳಚಿಬಿಡಬೇಕು. ಪಟ್ಟಿ ಮೊಣಕೈಗಿಂತ ಎರಡು ಬೆರಳು ಮೇಲಿರಬೇಕು. ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ಕೈ ಇಟ್ಟರೆ ಪಟ್ಟಿ ಎದೆ ಮಟ್ಟಕ್ಕೆ ಬರುತ್ತದೆ. ಗುಂಡಿ ಒತ್ತಿದರೆ ಗುಂಯ್ ಅಂತ ಉಬ್ಬಿ ಬಿಗಿಯುತ್ತದೆ, ಆಮೇಲೆ ನಿಧಾನಕ್ಕೆ ಸಡಿಲ ಆಗುತ್ತದೆ. ಆಗ ಮಾತಾಡಬಾರದು. ಮಾವನಿಗೆ ಕಷ್ಟ ಆದದ್ದು ಇದೊಂದೇ. ಪಟ್ಟಿ ಬಿಗಿಯುವ ಹೊತ್ತಿಗೇ ಅವರಿಗೆ ಪೇಪರಿನ ಸುದ್ದಿ ನೆನಪಾಗುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಎರಡನ್ನೂ ಬರೆಯಬೇಕು. ಮೊದಲ ಸಲ ಎರಡೂ ತೋಳು ನೋಡಿ, ಜಾಸ್ತಿ ತೋರಿಸಿದ ತೋಳನ್ನೇ ಮುಂದೆಯೂ ಹಿಡಿಯಿರಿ.

ಆಸ್ಪತ್ರೆಯಲ್ಲಿ 140/90ರ ಗೆರೆ ಹೇಳುತ್ತಾರೆ. ಮನೆಯಲ್ಲಿ ನೋಡಿದಾಗ ಆ ಗೆರೆ 135/85. ಮನೆಯಲ್ಲಿ ಗಾಬರಿ ಇರಲ್ಲ, ಹಾಗಾಗಿ ಸ್ವಲ್ಪ ಕಡಿಮೆಯೇ ಬರಬೇಕು. ಅತ್ತೆಯದು ಸರಿಯಾಗಿ ಹೀಗೇ. ಡಾಕ್ಟರ ಎದುರು ಕೂತರೆ ಮೇಲಿನದು 160 ಮುಟ್ಟುತ್ತದೆ, ಮನೆಯಲ್ಲಿ 130ರ ಆಚೀಚೆ. ಇದನ್ನು ಬರೆದು ತೋರಿಸಿದ ಮೇಲೆ ಡಾಕ್ಟರು ಮಾತ್ರೆ ಏರಿಸುವ ಯೋಚನೆ ಬಿಟ್ಟರು.

ಮಾವನದು ಉಲ್ಟಾ. ಮಷೀನು ತಂದು ಮೊದಲ ವಾರ ಬರೆದ ಅಂಕಿಗಳು ನನ್ನ ಹತ್ತಿರ ಈಗಲೂ ಇವೆ. 168/96, 164/94, 171/98. ತಲೆನೋವಿಲ್ಲ, ಸುಸ್ತಿಲ್ಲ, "ನಾನು ಚೆನ್ನಾಗೇ ಇದೀನಿ" ಅನ್ನುತ್ತಿದ್ದರು. ಒಂದು ವರ್ಷಕ್ಕೂ ಮೇಲೆ ಅದೇ ಹಳೇ ಮಾತ್ರೆ, ಅದೇ ಹಳೇ ಪ್ರಮಾಣ. ಆ ಸ್ಥಿತಿಯಲ್ಲೇ ಎರಡೂ ಅಲೆಗಳನ್ನು ದಾಟಿದ್ದರು. ಸೋಂಕು ತಗುಲಿದ್ದರೆ ಏನಾಗುತ್ತಿತ್ತೋ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾರದ ಅಂಕಿಗಳನ್ನು ಡಾಕ್ಟರಿಗೆ ಫೋನಿನಲ್ಲಿ ಓದಿದೆ. ಅವರು ಇನ್ನೊಂದು ಮಾತ್ರೆ ಸೇರಿಸಿದರು. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಂಡಕ್ಕಿ ಕಡಿಮೆ ಮಾಡಿ ಅಂದರು. ದಾವಣಗೆರೆ ಮನುಷ್ಯನಿಗೆ ಮಂಡಕ್ಕಿ, ಮಿರ್ಚಿ ಬಿಡಿಸೋದು ಸಣ್ಣ ಕೆಲಸವಲ್ಲ. ಪೂರ್ತಿ ಬಿಡಿಸಿಲ್ಲ, ಭಾನುವಾರಕ್ಕೆ ಇಟ್ಟಿದ್ದೇವೆ. ಹಬ್ಬದ ಹೊತ್ತಿಗೆ ಮೇಲಿನದು 130ರ ಮನೆಗೆ ಬಂತು. ಕಣ್ಣೆದುರು ಅಂಕಿ ಇಳಿಯುವುದು ಕಂಡ ಮೇಲೆ ಮಾವ ಮಾತ್ರೆ ತಪ್ಪಿಸಿಲ್ಲ. ಈಗ ಚೆನ್ನಾಗಿರುವುದರಿಂದ ದಿನಾ ನೋಡುವುದಿಲ್ಲ, ಡಾಕ್ಟರ ಭೇಟಿಗೆ ಮುಂಚಿನ ವಾರ ಬೆಳಗ್ಗೆ, ಸಂಜೆ ನೋಡಿ ಬರೆಯುತ್ತೇವೆ. ಮಧ್ಯೆ ವಾರಕ್ಕೊಮ್ಮೆ ಸಾಕು ಅಂತ ಅವರೇ ಹೇಳಿದ್ದಾರೆ.

ಅಂಕಿ ನೋಡಿ ನೀವೇ ಮಾತ್ರೆ ಏರಿಸಬೇಡಿ, ಇಳಿಸಬೇಡಿ, ನಿಲ್ಲಿಸಬೇಡಿ. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು ಏನಾದರೂ ಇದ್ದರೆ ಇನ್ನೊಮ್ಮೆ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಒಂದು ಸಲ ಮಷೀನನ್ನು ಅಂಗಡಿಗೂ ಒಯ್ದಿದ್ದೆ. ಅಮಾವಾಸ್ಯೆಯ ಹಿಂದಿನ ದಿನ, ಮಾಲು ಬರುವುದು ಕಡಿಮೆ ಇತ್ತು. ನಮ್ಮಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರೊಬ್ಬರು "ಅಕ್ಕಾ, ನಂದೂ ಒಂದು ನೋಡ್ರಿ" ಅಂತ ಕೂತರು. ನಲವತ್ತನಾಲ್ಕರ ಗಟ್ಟಿ ಆಳು. ಚೀಲ ಇಳಿಸಿ ಬಂದವರನ್ನು ತಕ್ಷಣ ನೋಡಬಾರದು ಅಂತ ಸ್ವಲ್ಪ ಹೊತ್ತು ಕೂರಿಸಿ, ನೀರು ಕೊಟ್ಟು, ಆಮೇಲೆ ನೋಡಿದೆ. 172/104. ಇನ್ನೊಮ್ಮೆ ನೋಡಿದರೂ ಹಾಗೇ. ಅವರು ನಂಬಲಿಲ್ಲ. "ಮಷೀನ್ ಕೆಟ್ಟೈತೆ" ಅಂದರು. ನನ್ನದನ್ನು ನೋಡಿ ತೋರಿಸಿದ ಮೇಲೆ ಸುಮ್ಮನಾದರು. 30 ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಪುಕ್ಕಟೆ. ಅಲ್ಲಿಗೆ ಕಳಿಸಿದೆ. ಈಗ ಮಾತ್ರೆಯೂ ಅಲ್ಲೇ ಸಿಗುತ್ತಿದೆ. ವಯಸ್ಸಾದವರನ್ನು ಮನೆಯಲ್ಲಿ ಕೂರಿಸಿದರೆ ಸಾಕು ಅನ್ನುವವರಿಗೆ ನಾನು ಇವರ ಕತೆ ಹೇಳುತ್ತೇನೆ. 2021ರ ಮಾರ್ಚ್ 1ರಿಂದ ಲಸಿಕೆ ಕೊಟ್ಟಾಗ 60 ದಾಟಿದವರ ಜೊತೆ, 45 ದಾಟಿ ಸರ್ಕಾರ ಗುರುತಿಸಿದ ಗಂಭೀರ ಕಾಯಿಲೆ ಇದ್ದವರನ್ನೂ ಮೊದಲ ಸಾಲಿನಲ್ಲಿ ನಿಲ್ಲಿಸಿದ್ದರು. ಅದು ಸರಿಯಾದ ಯೋಚನೆ. ಆದರೆ ಅದಕ್ಕೆ ಕಾಯಿಲೆ ಇದೆ ಅಂತ ಡಾಕ್ಟರ ಚೀಟಿ ಬೇಕಿತ್ತು. ತನಗೆ ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದವರು ಆ ಸಾಲಿಗೆ ಬರುವುದು ಹೇಗೆ?

ಈಗ ತಕರಾರು. ಮೊದಲನೆಯದು, ಪಟ್ಟಿ. ಒಂದೇ ಅಳತೆಯದು ಕೊಟ್ಟು, ದೊಡ್ಡದಕ್ಕೆ ಬೇರೆ ದುಡ್ಡು ಕೇಳುವುದು ಸರಿಯಲ್ಲ. ಡಬ್ಬಿ ಮೇಲೆ ಅಳತೆಯನ್ನು ಸಣ್ಣಕ್ಷರದಲ್ಲಿ ಮೂಲೆಗೆ ಹಾಕಿರುತ್ತಾರೆ. ಎಷ್ಟೋ ಮನೆಗಳಲ್ಲಿ ತಪ್ಪು ಪಟ್ಟಿಯಲ್ಲೇ ವರ್ಷಗಟ್ಟಲೆ ಬಿಪಿ ನೋಡುತ್ತಿರುತ್ತಾರೆ. ಇದು ಸಣ್ಣ ವಿಷಯವಲ್ಲ. ಇನ್ನೊಂದು, ಕೈಪಿಡಿ ಕನ್ನಡದಲ್ಲಿಲ್ಲ. ಈ ಮಷೀನು ಬಳಸುವವರು ಯಾರು? ಎಪ್ಪತ್ತು ದಾಟಿದವರು. ಅವರಿಗೆ ಕಾಣದ ಅಕ್ಷರದಲ್ಲಿ, ಬಾರದ ಭಾಷೆಯಲ್ಲಿ ಕೂರುವ ರೀತಿ ಬರೆದರೆ ಏನು ಪ್ರಯೋಜನ? ನಾನೇ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕುರ್ಚಿ ಎದುರು ನೇತುಹಾಕಿದ್ದೇನೆ. ನಮ್ಮ ಮಷೀನಿನ ಪರದೆಗೆ ಬೆಳಕಿಲ್ಲ, ಬೆಳಗಿನ ಜಾವ ಟ್ಯೂಬ್‌ಲೈಟ್ ಹಾಕಲೇಬೇಕು. ಇಬ್ಬರ ಅಂಕಿಗಳು ಒಂದೇ ಕಡೆ ಕಲಸಿಹೋಗುತ್ತವೆ, ಹಾಗಾಗಿ ಮಷೀನಿನ ನೆನಪನ್ನು ನಂಬದೆ ಪುಸ್ತಕದಲ್ಲೇ ಬರೆಯುತ್ತೇನೆ. ದಲ್ಲಾಳಿ ಅಂಗಡಿಯ ಉದ್ದನೆ ಪುಸ್ತಕ, ಎಡಕ್ಕೆ ಮಾವ, ಬಲಕ್ಕೆ ಅತ್ತೆ. ಸೆಲ್ ಸೋರಿ ಹಾಳಾಗುವ ಸಂಭವ ಇದೆ. ಕೆಲವು ದಿನ ಊರಿಗೆ ಹೋಗುವುದಿದ್ದರೆ ತೆಗೆದಿಡಿ. ಸೆಲ್ ಮುಗಿಯುತ್ತಾ ಬಂದರೆ ಪಟ್ಟಿ ಪೂರ್ತಿ ಉಬ್ಬದೆ ಎರರ್ ಬರುತ್ತದೆ. ಎದೆಬಡಿತ ಏರುಪೇರು ಇರುವವರಿಗೆ ಅಂಕಿ ಸರಿಯಾಗಿ ಬರದೇ ಇರಬಹುದು, ಅಂಥವರು ಡಾಕ್ಟರನ್ನು ಕೇಳಿಯೇ ಕೊಳ್ಳಿ.

ಆಕ್ಸಿಮೀಟರ್ ಬಗ್ಗೆ ಎರಡೇ ಮಾತು. ಎರಡನೇ ಅಲೆಯಲ್ಲಿ ಸಿಕ್ಕಾಪಟ್ಟೆ ಬೆಲೆ ಕೊಟ್ಟು ತಂದೆವು. ಮನೆಯಲ್ಲಿ ಸೋಂಕು ಇದ್ದಾಗ ರಕ್ತದ ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ ತಕ್ಷಣ ಗೊತ್ತಾಗಲು ಅದು ಬೇಕು. ಮಾವನ ದಮ್ಮಿಗೆ ಅಂತ ಈಗಲೂ ಇಟ್ಟಿದ್ದೇವೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಮೆಹಂದಿ, ಬಣ್ಣ ಇದ್ದರೆ ತಪ್ಪು ತೋರಿಸುತ್ತದೆ.

ಅತ್ತೆಗೆ ಶುಗರ್ ನೋಡುವ ಗ್ಲುಕೋಮೀಟರೂ ಇದೆ. ಮಷೀನು ಅಗ್ಗ, ರಕ್ತದ ಹನಿ ಹಾಕುವ ಸ್ಟ್ರಿಪ್ಪುಗಳ ಖರ್ಚು ಜಾಸ್ತಿ. ಆದರೂ ಬೇಕು ಅನ್ನುತ್ತೇನೆ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಅಂತ ಕಣ್ಣು, ಮೂಗು, ದವಡೆ ತಿಂದದ್ದು ನೆನಪಿದೆಯಲ್ಲ? ಬಹಳಷ್ಟು ಜನ ಶುಗರ್ ಇದ್ದವರೇ. ಕೊರೊನಾಕ್ಕೆ ಕೊಡುವ ಸ್ಟೀರಾಯ್ಡ್ ಜೀವ ಉಳಿಸುತ್ತದೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿತು ಅಂತ 2020ರ ಜೂನಿನಲ್ಲೇ ಬ್ರಿಟನ್ನಿನ ಪ್ರಯೋಗ ತೋರಿಸಿತ್ತು. ಆದರೆ ಅದೇ ಔಷಧಿ ಶುಗರನ್ನು ಮೇಲಕ್ಕೆ ಎತ್ತುತ್ತದೆ. ಮೊದಲೇ ಹತೋಟಿಯಲ್ಲಿಲ್ಲದ ಶುಗರ್, ಅದರ ಮೇಲೆ ಸ್ಟೀರಾಯ್ಡ್, ಅಳತೆ ನೋಡುವವರಿಲ್ಲ. ಶಿಲೀಂಧ್ರಕ್ಕೆ ಅಷ್ಟು ಸಾಕಾಯಿತು. ಇಂಗ್ಲೆಂಡಿನ ಲೆಕ್ಕದಲ್ಲೂ ಶುಗರ್ ಇದ್ದವರಲ್ಲಿ ಮೂರು ತಿಂಗಳ ಶುಗರ್ ಸರಾಸರಿ ತುಂಬಾ ಮೇಲಿದ್ದವರೇ ಕೊರೊನಾಕ್ಕೆ ಹೆಚ್ಚು ಬಲಿಯಾದದ್ದು ಕಂಡುಬಂತು.

ಮುಂದಿನ ಸಲ ಬರುವ ರೋಗ ಯಾರನ್ನು ಹಿಡಿಯುತ್ತದೋ ಹೇಳಲಾಗದು. 1918ರ ಫ್ಲೂ ಜ್ವರ 20ರಿಂದ 40ರ ಪ್ರಾಯದವರನ್ನೇ ಹೆಚ್ಚಾಗಿ ಒಯ್ದಿತ್ತು. ಆದರೆ ನಮ್ಮ ಊರು, ನಮ್ಮ ಬೀದಿ ಮುಪ್ಪಾಗುತ್ತಿರುವುದು ಖಚಿತ. 2050ರ ಹೊತ್ತಿಗೆ ದೇಶದಲ್ಲಿ ಐವರಲ್ಲಿ ಒಬ್ಬರು 60 ದಾಟಿದವರು ಇರುತ್ತಾರೆ ಅಂತ ವಿಶ್ವಸಂಸ್ಥೆಯ ಅಂದಾಜು. ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದ ಇಬ್ಬರೇ ಉಳಿದ ಮನೆಗಳು ನಮ್ಮ ಕಡೆ ಈಗಲೇ ಎಷ್ಟಿವೆ! ಅಂಥ ಮನೆಯ ಮಕ್ಕಳಿಗೆ ನನ್ನದೊಂದು ವಿನಂತಿ. ಹಬ್ಬಕ್ಕೆ ಬಂದಾಗ ಸೀರೆ, ಪಂಚೆಯ ಜೊತೆ ಇದನ್ನೂ ತನ್ನಿ. ತಂದು ಕೊಟ್ಟು ಹೋಗಬೇಡಿ, ಪಕ್ಕದಲ್ಲಿ ಕೂತು ಕಟ್ಟಿಕೊಳ್ಳುವುದನ್ನು ಕಲಿಸಿ. ಒಂದೆರಡು ದಿನ ಅವರೇ ಮಾಡುವುದನ್ನು ನೋಡಿ. ಆಮೇಲೆ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿದ ಹಾಗೆ, ಬಿಪಿ ಎಷ್ಟಿತ್ತು ಅಂತಲೂ ಕೇಳಿ.

ಕೊಳ್ಳುವಾಗ ಬಿಲ್ಲು ಇಸ್ಕೊಳ್ಳಿ, ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಖು ಹಾಕಿಸಿ. ವರ್ಷಕ್ಕೊಮ್ಮೆ ಮಷೀನನ್ನು ಡಾಕ್ಟರ ಹತ್ತಿರ ಒಯ್ದು ಅವರ ಮಷೀನಿನ ಜೊತೆ ಹೋಲಿಸಿ. ನಮ್ಮದು ಕಳೆದ ಸಲ ಹೋಲಿಸಿದಾಗ ನಾಲ್ಕು ಪಾಯಿಂಟ್ ವ್ಯತ್ಯಾಸ ಇತ್ತು, ಅಷ್ಟಿದ್ದರೆ ತೊಂದರೆ ಇಲ್ಲ ಅಂದರು. ಪಟ್ಟಿಯ ಅಂಟು ಮಾತ್ರ ಸಡಿಲ ಆಗುತ್ತಿದೆ. ಈ ತಿಂಗಳು ಹೊಸದು ತರಬೇಕು.